ಚರಿತ್ರೆಯೂ ಸಾಕ್ಷ್ಯಚಿತ್ರವೂ

ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಚೆಗೆ ತನ್ನ ತಂದೆಯವರೊಡನೆ ನನ್ನನ್ನು ಕಾಣಬಂದಿದ್ದಳು. ಚರಿತ್ರೆಯನ್ನು ಜನರ ಬಳಿಗೆ ಒಯ್ಯುವ ಕೆಲಸವನ್ನೂ ಸಾಕ್ಷ್ಯಚಿತ್ರಗಳನ್ನು ತೆಗೆಯುವ ಉದ್ಯೋಗವನ್ನೂ ಕೂಡಿಯೇ ಕೈಕೊಳ್ಳಬೇಕೆಂಬುದು ಆಕೆಯ ಹಂಬಲ. ಎರಡು ದೋಣಿಗಳಲ್ಲಿ ಕಾಲಿಟ್ಟವಳಿಗೆ ಅನ್ನ ಹುಟ್ಟುವುದೆಂತೆಂಬುದು ತಂದೆಯವರ ಚಿಂತೆ. ಅಂದು ನಾನಿತ್ತ ಉತ್ತರವು ಅರೆಯಾಗಿದ್ದ ಕಾರಣ ಇಲ್ಲಿ ಕೊಂಚ ವಿವರಿಸುತ್ತೇನೆ.

ಉಮಾ ಚಕ್ರವರ್ತಿಯವರು ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಓದಿದವರು. 1966ರಿಂದ 1998ರ ವರೆಗೆ ದೆಹಲಿಯ ಮಿರಾಂಡಾ ಹೌಸಿನಲ್ಲಿ ಚರಿತ್ರೆಯನ್ನು ಬೋಧಿಸಿದರು. 1858ರಲ್ಲಿ ನಮ್ಮ ನಾಡಿನ ಗಂಗಾಮೂಲದ ಸೀಮೆಯಲ್ಲಿ ಜನಿಸಿದ ಪಂಡಿತಾ ರಮಾಬಾಯಿಯವರನ್ನು ಕುರಿತು ಅವರು ಬರೆದ ಗ್ರಂಥವುಂಟು. ಚಿತ್ರ ತೆಗೆಯಲು ಅವರು ತೊಡಗಿದ್ದು ಅಧ್ಯಾಪನದಿಂದ ನಿವೃತ್ತರಾದ ಬಳಿಕ. ಸಂಬಳದ ವಿಷಯದಲ್ಲಿ ತಂದೆಯವರ ಚಿಂತೆ ನಿರಾಧಾರವಲ್ಲವೆಂದು ಇದರಿಂದ ತಿಳಿಯಬಹುದು.

ಅವರ ಮೊದಲ ಚಿತ್ರವಾದ 'ಎ ಕ್ವಯೆಟ್ ಲಿಟ್ಲ್ ಎಂಟ್ರಿ'ಯು ಸುಬ್ಬಲಕ್ಷ್ಮಿ ಎಂಬ ತಮಿಳು ಗೃಹಿಣಿಯನ್ನು ಕುರಿತದ್ದು. ಬಾಲ್ಯದಲ್ಲಿಯೇ ಮದುವೆಯಾದ ಆಕೆಗೆ ವಿದ್ಯೆಯಲ್ಲಿ ಅಪಾರ ಆಸೆ. ಆಕೆಯ ಹೆಸರು ಯಾವ ಪಠ್ಯಪುಸ್ತಕದಲ್ಲಿಯೂ ಬರತಕ್ಕದ್ದಲ್ಲ. ಉಳಿದದ್ದು ಒಂದು ಪೆಟ್ಟಿಗೆ, ಅದರೊಳಗಿನ ಕಾಗದಪತ್ರಗಳು. ಮೊಮ್ಮಗಳು ಮೈಥಿಲಿ ಶಿವರಾಮನ್ ಅವುಗಳಿಂದ ಒಂದು ಪುಸ್ತಕವನ್ನು ರಚಿಸಿದರು. ಚಿತ್ರವು ಹುಟ್ಟಿದ್ದು ಆ ಬಳಿಕ. ಇಲ್ಲಿಯೇ ಎರಡು ವೃತ್ತಿಗಳೂ ಒಂದನ್ನೊಂದು ತಿದ್ದುತ್ತವೆ. "ಆಕೆ ಓದಲು ಹಂಬಲಿಸಿದಳು" ಎಂದು ಗ್ರಂಥಕರ್ತೃವು ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗಬಹುದು. ಚಿತ್ರ ತೆಗೆಯುವವಳು ಆ ಹಂಬಲವನ್ನು ಕೈಬರೆಹದಲ್ಲಾಗಲಿ, ಮನೆಯ ಕಿಟಕಿಯಲ್ಲಾಗಲಿ, ಕಂಡವರ ಮಾತಿನಲ್ಲಾಗಲಿ ಕಾಣಿಸಲೇಬೇಕು. ಇತ್ತ ಚರಿತ್ರಕಾರಳು, ಈ ಕಾಗದ ಯಾರದು, ಯಾವ ವರ್ಷದ್ದು, ಈ ಭಾವಚಿತ್ರ ನಿಜವಾಗಿ ಆಕೆಯದೇ ಎಂದು ಕೇಳದೆ ಬಿಡಳು. ಕಣ್ಣಿಗೆ ಚೆಂದವೆಂದು ಬೇರೊಬ್ಬಳ ಭಾವಚಿತ್ರವನ್ನು ಸೇರಿಸಿದರೆ ನೋಡಿದವರು ಅದನ್ನೇ ನಂಬಿ ಮನೆಗೆ ಹೋಗುವರು.

ಮತ್ತೊಂದು ಚಿತ್ರವಾದ 'ಪ್ರಿಸನ್ ಡೈರೀಸ್' ಸ್ನೇಹಲತಾ ರೆಡ್ಡಿಯವರ ಸೆರೆವಾಸದ ದಿನಚರಿಯನ್ನು ಆಧರಿಸಿದ್ದು. 'ಸಂಸ್ಕಾರ' ಚಲಚ್ಚಿತ್ರದ ಈ ನಟಿಯು ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಬೆಂಗಳೂರಿನ ಸೆರೆಮನೆ ಸೇರಿ, ಉಬ್ಬಸದಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು. ಆ ಹಳೆಯ ಕಾರಾಗೃಹದ ಜಾಗವೇ ಇಂದಿನ ಫ್ರೀಡಂ ಪಾರ್ಕ್. ಅಲ್ಲಿ ಗಾಳಿಸೇವನೆಗೆ ಹೋಗುವ ಎಷ್ಟು ಮಂದಿಗೆ ಈ ಸಂಗತಿ ಗೊತ್ತು? ಅವರಿಗೆ ತಿಳಿಸುವುದೇ ನಾನು ಹೇಳುವ ಕೆಲಸ. ಅದಕ್ಕೆ ಪದವಿಯೊಂದೇ ಸಾಲದು, ಕ್ಯಾಮರಾ ಒಂದೇ ಸಾಲದು.

ಆ ಹುಡುಗಿಯ ಅಜ್ಜಿಯವರೂ ನಮ್ಮ ಶಾಲೆಯಲ್ಲಿಯೇ ಓದಿದವರು. ಮೊದಲು ಅವರ ಮಾತುಗಳನ್ನು ಧ್ವನಿಮುದ್ರಿಸಿ, ದಿನಾಂಕ ಬರೆದಿಟ್ಟು, ನಮ್ಮ ದಾಖಲಾತಿ ಪುಸ್ತಕದೊಡನೆ ಹೋಲಿಸಿ ನೋಡೆಂದು ಹೇಳಿದೆನು. ತಂದೆಯವರು ಬಹಳ ಹೊತ್ತು ಸುಮ್ಮನಿದ್ದು, ತಮ್ಮ ತಾಯಿಯವರ ಹಳೆಯ ಟ್ರಂಕೊಂದು ಅಟ್ಟದ ಮೇಲಿದೆಯೆಂದೂ, ಬರುವ ತಿಂಗಳು ಅದನ್ನು ರದ್ದಿಯವನಿಗೆ ಕೊಡುವುದೆಂದಿದ್ದೆವೆಂದೂ ಹೇಳಿದರು.