ನೆಲದಡಿಯ ನೀರಿನ ಜಮಾ-ಖರ್ಚು

ನೀರಿಗೆ ಸಂಸ್ಕೃತದಲ್ಲಿ ‘ಜೀವನ’ವೆಂಬ ಹೆಸರೂ ಉಂಟು. ಆದರೂ ದುಂದುಗಾರನನ್ನು ಕಂಡಾಗ ‘ಹಣವನ್ನು ನೀರಿನಂತೆ ಚೆಲ್ಲುತ್ತಾನೆ’ ಎನ್ನುವುದು ಲೋಕರೂಢಿ. ನೀರಿಗೆ ಬೆಲೆಯಿಲ್ಲ, ಲೆಕ್ಕವಿಲ್ಲ ಎಂಬ ಭಾವನೆಯಿಂದ ಹುಟ್ಟಿದ ಮಾತಿದು. ಹೈದರಾಬಾದಿನ ವಾಯವ್ಯಕ್ಕಿರುವ ಬಾಲಾನಗರದಂಥ ಬಡಾವಣೆಯಲ್ಲಿ ಒಂದು ಬಿರುಬೇಸಿಗೆಯನ್ನು ಕಳೆದವರಿಗೆ ಈ ಮಾತು ತಲೆಕೆಳಗಾಗಿ ತೋರುತ್ತದೆ. ಕೊಳವೆಬಾವಿ ಬತ್ತಿದ ಮನೆಯಲ್ಲಿ ಟ್ಯಾಂಕರಿಗೆ ಹಣ ತೆತ್ತು ತುಂಬಿಸಿಕೊಂಡ ನೀರನ್ನು ಹಣದಂತೆಯೇ ಎಣಿಸಿ ಬಳಸಬೇಕಾಗುತ್ತದೆ.

ಬಾಲಾನಗರ ಕಾರ್ಖಾನೆಗಳ ಊರು. 1961ರಲ್ಲಿ ಸ್ಥಾಪಿತವಾದ ಐ.ಡಿ.ಪಿ.ಎಲ್. ಸಂಸ್ಥೆಯ ಔಷಧ ಕಾರ್ಖಾನೆ ಸೋವಿಯತ್ ನೆರವಿನಿಂದ ಇಲ್ಲಿ ತಲೆಯೆತ್ತಿತು. ಬೆಂಗಳೂರಿನಲ್ಲಿ ಹುಟ್ಟಿದ ಎಚ್.ಎ.ಎಲ್. ಸಂಸ್ಥೆಯ ವಿಭಾಗವೊಂದು ಇಲ್ಲಿ ನೆಲೆಗೊಂಡಿತು. ಇವುಗಳ ನೆರಳಿನಲ್ಲಿ ಸಣ್ಣ ಕೈಗಾರಿಕೆಗಳು ಬೆಳೆದವು. ಕಾರ್ಖಾನೆಗಳ ಬೆನ್ನಿಗೆ ವಸತಿಗಳು ಬಂದವು. 1956ರವರೆಗೆ ಇದೇ ಹೈದರಾಬಾದ್ ಸಂಸ್ಥಾನದ ಮತ್ತು ರಾಜ್ಯದ ಭಾಗವಾಗಿದ್ದ ಬೀದರ, ಕಲಬುರಗಿ, ರಾಯಚೂರುಗಳ ಕನ್ನಡಿಗರಿಗೆ ಈ ನಗರ ಪರಸ್ಥಳವೇನೂ ಅಲ್ಲ. ಆದರೆ ಎಲ್ಲಿಂದಲೇ ಬಂದಿರಲಿ, ಮನೆ ಹೂಡಿದ ಪ್ರತಿಯೊಬ್ಬ ಗೃಹಸ್ಥನ ಮೊದಲ ಪ್ರಶ್ನೆ ಒಂದೇ: ನೀರು ಹೇಗೆ?

ದೂರದ ನದಿ, ಹತ್ತಿರದ ಬಾವಿ

ಹೈದರಾಬಾದಿನ ಜಲಚರಿತ್ರೆಯಲ್ಲಿ ಕನ್ನಡಿಗನೊಬ್ಬನ ಹೆಸರು ಅಚ್ಚಳಿಯದಂತಿದೆ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಮರುವರ್ಷ ನಿಜಾಮ ಸರ್ಕಾರ ಕರೆಸಿಕೊಂಡದ್ದು ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು. ನಗರದ ಮೇಲ್ಗಡೆ ಜಲಾಶಯಗಳನ್ನು ಕಟ್ಟಿ ಪ್ರವಾಹವನ್ನು ತಡೆಯಬೇಕೆಂದು ಅವರು ಸಲಹೆಯಿತ್ತರು. ಅದರ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು. ಮುಳುಗಿಸಿದ ನೀರೇ ನಗರಕ್ಕೆ ಕುಡಿಯುವ ನೀರಾಯಿತು.

ಮುಂದೆ ಜನಸಂಖ್ಯೆ ಬೆಳೆದಂತೆಲ್ಲ ನಗರವು ಹೊಸ ಹೊಸ ನದಿಗಳತ್ತ ಕೈಚಾಚಿತು. 1965ರಲ್ಲಿ ಬೀದರ ಜಿಲ್ಲೆಯನ್ನು ಹಾದುಬರುವ ಮಾಂಜ್ರಾ ನದಿಯ ನೀರು ಬಂದಿತು. 2004ರಲ್ಲಿ ಕೃಷ್ಣೆಯ ನೀರು ನಾಗಾರ್ಜುನಸಾಗರದಿಂದ ನೂರು ಕಿಲೋಮೀಟರಿಗೂ ಮಿಗಿಲಾದ ದಾರಿ ಸವೆಸಿ ಬಂದಿತು. 2015ರಲ್ಲಿ ಗೋದಾವರಿ ಇನ್ನೂ ದೂರದಿಂದ ಬಂದಳು. ಬಾಗಲಕೋಟೆ, ರಾಯಚೂರುಗಳನ್ನು ದಾಟಿ ಹರಿದ ಕೃಷ್ಣೆ ಹೈದರಾಬಾದಿನ ನಲ್ಲಿಯಲ್ಲಿ ಕನ್ನಡಿಗರ ಕೊಡವನ್ನು ಮತ್ತೆ ತುಂಬುತ್ತಾಳೆ. ಇಷ್ಟೆಲ್ಲ ಆದರೂ ಕೊಳವೆಬಾವಿಯ ಮೇಲಿನ ಅವಲಂಬನೆ ತಪ್ಪಿಲ್ಲ. ನಲ್ಲಿಯ ನೀರು ಅಡುಗೆಗೆ, ಕುಡಿಯುವುದಕ್ಕೆ. ಸ್ನಾನ, ಬಟ್ಟೆ, ಪಾತ್ರೆಗಳಿಗೆ ನೆಲದಡಿಯ ನೀರು ಎಂಬ ಏರ್ಪಾಡು ಅನೇಕ ವಸತಿಗಳಲ್ಲಿ ಉಂಟು.

ಕಲ್ಲಿನ ಬಿರುಕಿನಲ್ಲಿ ಕೂಡಿಟ್ಟದ್ದು

ನೆಲದಡಿ ನದಿ ಹರಿಯುತ್ತದೆ, ಇನ್ನಷ್ಟು ಆಳಕ್ಕೆ ಕೊರೆದರೆ ನೀರು ಸಿಕ್ಕೇ ಸಿಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಹೈದರಾಬಾದಿನ ಮಟ್ಟಿಗೆ ಇದು ನಿಜವಲ್ಲ. ಈ ನಗರ ಕುಳಿತಿರುವುದು ಸುಮಾರು 250 ಕೋಟಿ ವರ್ಷಗಳ ಹಿಂದಿನ ಗಟ್ಟಿ ಗ್ರಾನೈಟ್ ಬಂಡೆಯ ಮೇಲೆ. ಮೇಲಿನ ಕೆಲವು ಮೀಟರುಗಳಷ್ಟು ಬಂಡೆ ಶಿಥಿಲವಾಗಿ ಮೊರಮ್ಮಾಗಿದೆ. ನೀರು ನಿಲ್ಲುವುದು ಮುಖ್ಯವಾಗಿ ಆ ಪದರದಲ್ಲಿ. ಅದರ ಕೆಳಗೆ ಬಿರುಕುಗಳಲ್ಲಿ ಅಷ್ಟಿಷ್ಟು ಸಿಗುತ್ತದೆ. ಆಳ ಹೆಚ್ಚಿದಂತೆ ಬಿರುಕುಗಳು ವಿರಳವಾಗುತ್ತವೆ. ಕೋಲಾರ ಜಿಲ್ಲೆಯಲ್ಲಿ ಸಾವಿರ ಅಡಿ ಮೀರಿ ಕೊರೆದರೂ ಧೂಳು ಮಾತ್ರ ಮೇಲೆದ್ದ ಬಾವಿಗಳ ಕಥೆ ಇದೇ ಬಗೆಯ ಬಂಡೆಯದು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸರ್ಕಾರಿ ಕೊಳವೆಬಾವಿಗಳಲ್ಲಿ ಸುಮಾರು ಅರ್ಧದಷ್ಟು ಕೈಕೊಟ್ಟದ್ದೂ ಇದೇ ಪ್ರಸ್ಥಭೂಮಿಯ ಮೇಲೆಯೇ.

ಅನ್ಯ ದೇಶಗಳಲ್ಲಿ ಎಚ್ಚರಿಕೆ ಬೇರೆ ರೂಪದಲ್ಲಿ ಬರುತ್ತದೆ. ಮೆಕ್ಸಿಕೋ ನಗರದ ಕೆಳಗಿರುವುದು ಹಳೆಯ ಸರೋವರದ ಮೆದು ಜೇಡಿ. ನೀರೆತ್ತಿದಂತೆ ಅದು ಕುಗ್ಗಿ, ಇಪ್ಪತ್ತನೆಯ ಶತಮಾನದಲ್ಲಿ ನಗರದ ಕೆಲವು ಭಾಗಗಳು 9 ಮೀಟರುಗಳಷ್ಟು ಕುಸಿದವು. ಟೋಕಿಯೋ ನಗರವೂ ಕುಸಿಯುತ್ತಿತ್ತು. ನೀರೆತ್ತುವುದಕ್ಕೆ ಕಾನೂನಿನ ಕಡಿವಾಣ ಬಿದ್ದ ಮೇಲೆ ಅಂತರ್ಜಲ ಮತ್ತೆ ಮೇಲೇರಿತು. ಗ್ರಾನೈಟಿನ ಹೈದರಾಬಾದ್ ಹಾಗೆ ಕುಸಿಯುವುದಿಲ್ಲ. ಇಲ್ಲಿ ಎಚ್ಚರಿಸಲು ಗೋಡೆ ಬಿರಿಯುವುದಿಲ್ಲ; ಒಂದು ಬೆಳಿಗ್ಗೆ ಮೋಟಾರು ಬರಿಯ ಗಾಳಿಯನ್ನು ಎಳೆಯುತ್ತದೆ, ಅಷ್ಟೆ.

ಒಂದು ನಿವೇಶನದ ಲೆಕ್ಕ

ಹೈದರಾಬಾದಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿಲಿಮೀಟರ್. ತನ್ನಷ್ಟಕ್ಕೆ ಬಿಟ್ಟರೆ ಇಂಥ ಗಟ್ಟಿಬಂಡೆಯ ನೆಲದಲ್ಲಿ ಅದರ ಹತ್ತನೆಯ ಒಂದು ಪಾಲು ಮಾತ್ರ ಅಂತರ್ಜಲವನ್ನು ಸೇರುತ್ತದೆ. ಕಾಂಕ್ರೀಟು, ಡಾಂಬರುಗಳು ಮುಚ್ಚಿದೆಡೆ ಅದೂ ದುರ್ಲಭ. ಇನ್ನು ಖರ್ಚಿನ ಬಾಬತ್ತು. ಒಳಚರಂಡಿಯುಳ್ಳ ನಗರಗಳಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಬೇಕೆಂಬುದು ಕೇಂದ್ರ ಸರ್ಕಾರದ ಮಾನದಂಡ.

200 ಚದರ ಮೀಟರ್ ಚಾವಣಿಯುಳ್ಳ ಒಂದು ಮನೆಯನ್ನು ಎಣಿಕೆಗೆ ತೆಗೆದುಕೊಳ್ಳಬಹುದು. ಅದರ ಮೇಲೆ ವರ್ಷಕ್ಕೆ ಬೀಳುವ ನೀರು 1,60,000 ಲೀಟರ್. ನೂರಕ್ಕೆ ಎಂಬತ್ತರಷ್ಟು ಹಿಡಿದರೂ 1,28,000 ಲೀಟರ್. ಐವರ ಕುಟುಂಬಕ್ಕೆ ದಿನಕ್ಕೆ 675 ಲೀಟರಿನಂತೆ ಇದು ಆರು ತಿಂಗಳಿಗೂ ತುಸು ಹೆಚ್ಚು ಕಾಲ ಸಾಲುತ್ತದೆ. ಈಗ ಆ ಮನೆಯನ್ನು ಕೆಡವಿ, ಅದೇ ನಿವೇಶನದಲ್ಲಿ ಅಷ್ಟೇ ಚಾವಣಿಯ ಕೆಳಗೆ ತಲಾ ನಾಲ್ವರ ಹತ್ತು ಕುಟುಂಬಗಳ ಅಪಾರ್ಟ್‌ಮೆಂಟ್ ಎದ್ದಿತೆನ್ನೋಣ. ದಿನದ ಖರ್ಚು 5,400 ಲೀಟರಿಗೆ ಏರುತ್ತದೆ. ಮಳೆ ಅಷ್ಟೇ, ನೆಲ ಅಷ್ಟೇ. ಆರು ತಿಂಗಳು ಸಾಕಾಗುತ್ತಿದ್ದ ನೀರು 24 ದಿನಗಳಿಗೂ ಸಾಲದು.

ಬೇಡಿಕೆಯ ಏರಿಕೆಯೆಂದರೆ ಇದು. ಯಾರೂ ದುಂದು ಮಾಡಬೇಕಾಗಿಲ್ಲ. ಒಂದೇ ಖಾತೆಯಿಂದ ಹಣ ತೆಗೆಯುವವರು ಎಂಟು ಪಟ್ಟು ಹೆಚ್ಚಿದರೆ ಸಾಕು. ಕುಳಿತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಎಂಬ ಹಿರಿಯರ ಮಾತು ಇಲ್ಲಿ ಅಕ್ಷರಶಃ ಸತ್ಯ. ಇಡೀ ಭಾರತದ ಲೆಕ್ಕವೂ ಇದೇ ಜಾಡಿನದು. ದೇಶ ವರ್ಷಕ್ಕೆ ಎತ್ತುವ ಅಂತರ್ಜಲ ಸುಮಾರು 240 ಘನ ಕಿಲೋಮೀಟರ್; ಪ್ರಪಂಚದಲ್ಲಿ ಬೇರಾವ ದೇಶವೂ ಇಷ್ಟು ಎತ್ತುವುದಿಲ್ಲ. ಅದರ ಬಹುಪಾಲು ಬೇಸಾಯಕ್ಕೆ ಸಲ್ಲುತ್ತದೆ. ನಗರದ ಪಾಲು ಚಿಕ್ಕದಾದರೂ ಅದು ಇಕ್ಕಟ್ಟಾದ ಜಾಗದಿಂದ ಬರಬೇಕಾದುದರಿಂದ ಆ ಜಾಗ ಬೇಗ ಬರಿದಾಗುತ್ತದೆ.

ದೀಪದ ಕೆಳಗಿನ ಕತ್ತಲು

ಬಾಲಾನಗರದಲ್ಲಿ ಒಂದು ಸೋಜಿಗವುಂಟು. ರಾಷ್ಟ್ರೀಯ ದೂರಸಂವೇದಿ ಕೇಂದ್ರವಿರುವುದು ಇಲ್ಲಿಯೇ. ಉಪಗ್ರಹಕ್ಕೆ ನೆಲದಡಿಯ ನೀರು ಕಾಣುವುದಿಲ್ಲ. ಆದರೆ ಬಂಡೆಯ ಬಗೆ, ಬಿರುಕಿನ ಗೆರೆಗಳು, ಹಳ್ಳಕೊಳ್ಳಗಳು, ಹಸಿರಿನ ಹರವು ಕಾಣುತ್ತವೆ. ಇವನ್ನು ಕೂಡಿಸಿ ಓದಿದರೆ ನೀರು ಎಲ್ಲಿರಬಹುದೆಂದು ತಿಳಿಯುತ್ತದೆ. ಕುಡಿಯುವ ನೀರಿನ ರಾಷ್ಟ್ರೀಯ ಯೋಜನೆಗಾಗಿ ಇಲ್ಲಿಯ ವಿಜ್ಞಾನಿಗಳು ಅಂತರ್ಜಲದ ನಕ್ಷೆಗಳನ್ನು ರಚಿಸಿದರು. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಸೇರಿತ್ತು.

ದೇಶಕ್ಕೆಲ್ಲ ನೀರಿನ ದಾರಿ ತೋರಿದ ಈ ಬಡಾವಣೆಯ ನೆಲ ಮಾತ್ರ ನಿರ್ಮಲವಾಗಿ ಉಳಿಯಲಿಲ್ಲ. ಬಾಲಾನಗರ ಕೈಗಾರಿಕಾ ಪ್ರದೇಶದ ಮಣ್ಣನ್ನು ಪರೀಕ್ಷಿಸಿದ ವಿಜ್ಞಾನಿಗಳು ಅದರಲ್ಲಿ ಕ್ರೋಮಿಯಂ, ಸೀಸ ಮೊದಲಾದ ಭಾರಲೋಹಗಳನ್ನು ಕಂಡು 2011ರಲ್ಲಿ ವರದಿ ಪ್ರಕಟಿಸಿದರು. ಈ ಭಾಗದ ಕೊಳೆಯನ್ನು ಹೊತ್ತ ಕೂಕಟ್‌ಪಲ್ಲಿ ನಾಲೆ ಸೇರಿದ್ದು ಹದಿನಾರನೆಯ ಶತಮಾನದ ಹುಸೇನ್ ಸಾಗರವನ್ನು. ಒಂದು ಕಾಲದಲ್ಲಿ ನಗರಕ್ಕೆ ಕುಡಿಯಲು ನೀರಿತ್ತ ಕೆರೆಯದು. ಮಳೆನೀರನ್ನು ಒಳಗಿಳಿಸುವ ಬಿರುಕುಗಳೇ ವಿಷವನ್ನೂ ಒಳಗಿಳಿಸುತ್ತವೆ. ಆದುದರಿಂದ ನೀರು ಎಷ್ಟಿದೆ ಎಂಬ ಪ್ರಶ್ನೆಯನ್ನು ಎಂಥದಿದೆ ಎಂಬ ಪ್ರಶ್ನೆಯಿಂದ ಬೇರ್ಪಡಿಸಲಾಗದು.

ಆರೋಗ್ಯದ ದೃಷ್ಟಿಯಿಂದ

ನೀರಿನಿಂದ ಬರುವ ಕೇಡು ಎರಡು ಬಗೆ. ಮೊದಲನೆಯದು ರೋಗಾಣುಗಳದು: ವಿಷಮಶೀತಜ್ವರ, ಕಾಲರಾ, ಆಮಶಂಕೆ, ಕಾಮಾಲೆ. ಒಳಚರಂಡಿಯ ಸೋರಿಕೆ ಬಾವಿಗೆ ಅಥವಾ ನೆಲತೊಟ್ಟಿಗೆ ತಗಲಿದಾಗ ಇವು ಹರಡುತ್ತವೆ. ನೀರನ್ನು ಮರಳುವಂತೆ ಒಂದು ನಿಮಿಷವಾದರೂ ಕುದಿಸುವುದರಿಂದ ಅಥವಾ ತಕ್ಕ ಪ್ರಮಾಣದಲ್ಲಿ ಕ್ಲೋರಿನ್ ಬೆರೆಸುವುದರಿಂದ ಇವನ್ನು ತಡೆಯಬಹುದು.

ಎರಡನೆಯದು ಕರಗಿದ ರಾಸಾಯನಿಕಗಳದು. ಕುದಿಸುವುದರಿಂದ ಇವು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಇನ್ನೂ ಸಾಂದ್ರವಾಗುತ್ತವೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಮಕ್ಕಳ ಹಲ್ಲಿಗೆ ಕಲೆ ಹಚ್ಚುತ್ತದೆ. ಅತಿಯಾಗಿ, ಬಹುಕಾಲ ಸೇರಿದರೆ ಮೂಳೆಗಳನ್ನೇ ಬಾಗಿಸುತ್ತದೆ. ಹೈದರಾಬಾದಿನ ನೆರೆಯ ನಲ್ಗೊಂಡ ಜಿಲ್ಲೆ ಈ ನೋವನ್ನು ತಲೆಮಾರುಗಳ ಕಾಲ ಉಂಡಿದೆ. ಕರ್ನಾಟಕದ ಪಾವಗಡಕ್ಕೂ ಇದು ಅಪರಿಚಿತವಲ್ಲ. ಪಟಿಕ, ಸುಣ್ಣಗಳಿಂದ ಫ್ಲೋರೈಡನ್ನು ಇಳಿಸುವ ವಿಧಾನವೊಂದನ್ನು ನಾಗಪುರದ ‘ನೀರಿ’ ಸಂಸ್ಥೆ ರೂಪಿಸಿದಾಗ ಅದಕ್ಕೆ ನಲ್ಗೊಂಡದ ಹೆಸರೇ ಬಂದಿತು. 45 ಮಿಲಿಗ್ರಾಂ ಮೀರಿದ ನೈಟ್ರೇಟ್ ಹಸುಗೂಸುಗಳ ರಕ್ತದ ಪ್ರಾಣವಾಯುವನ್ನು ಕುಂದಿಸುತ್ತದೆ. ಅಂಥ ನೀರಿನಲ್ಲಿ ಪುಡಿಹಾಲು ಕಲಸಿ ಕುಡಿಸುವುದು ಅಪಾಯಕರ. ಸೀಸವು ಮಕ್ಕಳ ಬುದ್ಧಿಯ ಬೆಳವಣಿಗೆಗೆ ಕಂಟಕ. ಇವಾವುವೂ ಕಣ್ಣಿಗೆ ಕಾಣವು. ತಿಳಿಯಾದ, ರುಚಿಯಾದ ನೀರೆಲ್ಲ ಒಳ್ಳೆಯ ನೀರಲ್ಲ.

ಮನೆಮನೆಯಲ್ಲಿ ಕಾಣುವ ಆರ್.ಓ. ಯಂತ್ರ ಈ ವಸ್ತುಗಳನ್ನು ಬಹುಮಟ್ಟಿಗೆ ತೆಗೆಯುತ್ತದೆ, ನಿಜ. ಆದರೆ ಒಂದು ಪಾಲು ಶುದ್ಧ ನೀರಿಗೆ ಅನೇಕ ವೇಳೆ ಎರಡು ಮೂರು ಪಾಲು ನೀರನ್ನು ಅದು ಹೊರಚೆಲ್ಲುತ್ತದೆ. ಜಲಮಂಡಳಿಯ ನದೀನೀರಿಗೆ ಸಾಮಾನ್ಯವಾಗಿ ಅದರ ಅಗತ್ಯವಿಲ್ಲ. ಇಟ್ಟುಕೊಂಡವರು ಹೊರಬಿದ್ದ ನೀರನ್ನು ನೆಲ ಒರೆಸಲು, ಶೌಚಕ್ಕೆ ಬಳಸಬಹುದು.

ಮಾಡಬೇಕಾದುದು

ಕೊಳವೆಬಾವಿಯ ನೀರನ್ನು ಮಳೆಗಾಲದ ಮೊದಲೊಮ್ಮೆ, ಆಮೇಲೊಮ್ಮೆ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸತಕ್ಕದ್ದು. ಕೈಗಾರಿಕೆಗಳ ಸಮೀಪದ ಬಾವಿಯಾದರೆ ಭಾರಲೋಹಗಳ ಪರೀಕ್ಷೆಯೂ ಆವಶ್ಯಕ. ಫಲಿತಾಂಶ ಬರುವವರೆಗೆ ಆ ನೀರನ್ನು ಕುಡಿಯಲು, ಅಡುಗೆಗೆ ಬಳಸದಿರುವುದು ಲೇಸು.

ಚಾವಣಿಯ ಮಳೆನೀರನ್ನು ಇಂಗುಗುಂಡಿಗೆ ಇಳಿಸಬೇಕು. ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಟ್ಟು, ಉಳಿದುದನ್ನು ಜಲ್ಲಿ-ಮರಳುಗಳಲ್ಲಿ ಸೋಸಿ ಬಿಡತಕ್ಕದ್ದು. ರಸ್ತೆಯ ನೀರನ್ನಾಗಲಿ, ಕಾರ್ಖಾನೆಯ ಅಂಗಳದ ನೀರನ್ನಾಗಲಿ ಎಂದಿಗೂ ಇಂಗಿಸಬಾರದು. ಅದು ಖಾತೆಗೆ ಖೋಟಾ ನೋಟು ಜಮಾ ಮಾಡಿದಂತೆ. ಲೆಕ್ಕ ತೋರಿಸಿದಂತೆ ಇಂಗುಗುಂಡಿಯೊಂದೇ ಹತ್ತು ಕುಟುಂಬಗಳ ಖರ್ಚನ್ನು ತುಂಬಲಾರದು. ಸೋರುವ ನಲ್ಲಿ, ಉಕ್ಕಿ ಹರಿಯುವ ಮೇಲ್ತೊಟ್ಟಿಗಳ ದುರಸ್ತಿಯೂ, ಪ್ರತಿ ಮನೆಗೆ ಮೀಟರೂ ಜೊತೆಗೂಡಬೇಕು. 2021ರ ಜನವರಿಯಲ್ಲಿ ಹೈದರಾಬಾದಿನಲ್ಲಿ ತಿಂಗಳಿಗೆ 20,000 ಲೀಟರ್ ಉಚಿತ ನೀರಿನ ಯೋಜನೆ ಆರಂಭವಾಯಿತು. ಐವರ ಮನೆಗೆ ಅದು ದಿನಕ್ಕೆ ತಲಾ 133 ಲೀಟರ್, ಮಾನದಂಡಕ್ಕೆ ಸರಿಸಮ. ಅಳೆದು ಬಳಸಿದರೆ ಸಾಲುತ್ತದೆಂಬುದಕ್ಕೆ ಇದೇ ನಿದರ್ಶನ.

ತನ್ನ ನೆಲದಡಿಯ ನೀರನ್ನು ಎತ್ತುವ ಹಕ್ಕನ್ನು 1882ರ ಕಾಯಿದೆ ಭೂಮಾಲೀಕನಿಗೆ ಮಾನ್ಯ ಮಾಡಿತ್ತು. ಸೇದುವ ಬಾವಿಯ ಕಾಲಕ್ಕೆ ಅದು ಸರಿಹೋಗಿದ್ದಿರಬಹುದು. ಹಗ್ಗದ ಉದ್ದವೇ ಆಸೆಯ ಮಿತಿಯಾಗಿತ್ತು. ಇಂದಿನ ಮೋಟಾರಿಗೆ ಆ ಮಿತಿಯಿಲ್ಲ. 2002ರಲ್ಲಿ ಆಂಧ್ರಪ್ರದೇಶ ತಂದ ನೀರು, ನೆಲ, ಮರಗಳ ರಕ್ಷಣೆಯ ಕಾಯಿದೆ ಕೊಳವೆಬಾವಿಗಳ ನೋಂದಣಿಯನ್ನು ವಿಧಿಸಿದ್ದು ಈ ಕಾರಣದಿಂದಲೇ. ಬಂಡೆಯ ಬಿರುಕು ಯಾರ ಕಾಂಪೌಂಡಿಗೂ ನಿಲ್ಲುವುದಿಲ್ಲ. ಒಬ್ಬನ ಬಾವಿ ಆಳವಾದರೆ ನೆರೆಯವನ ಬಾವಿ ಬತ್ತುತ್ತದೆ; ಒಬ್ಬನು ಚೆಲ್ಲಿದ ವಿಷ ಇನ್ನೊಬ್ಬನ ಕೊಡಕ್ಕೆ ಬರುತ್ತದೆ. ಇದು ಜಂಟಿ ಖಾತೆ. ಬಾವಿ ಬತ್ತಿದಾಗ ಇನ್ನೂರು ಅಡಿ ಹೆಚ್ಚು ಕೊರೆಸಲು ಚಂದಾ ಎತ್ತುವ ವಸತಿಸಂಘಗಳು, ಅದಕ್ಕೆ ಮೊದಲು ಇಂಗುಗುಂಡಿಗೂ ನೀರಿನ ಪರೀಕ್ಷೆಗೂ ಹಣವನ್ನು ತೆಗೆದಿರಿಸಿದರೆ, ಬರುವ ಬೇಸಿಗೆಯನ್ನು ಎದುರಿಸುವ ಧೈರ್ಯ ತಾನಾಗಿ ಬರುತ್ತದೆ. ಹೆಚ್ಚು ಕೊರೆಯುವವನು ನೆರೆಯವನ ಪಾಲನ್ನು ಎತ್ತುತ್ತಾನೆ. ಇಂಗಿಸುವವನು ಅವನ ಪಾಲನ್ನೂ ತುಂಬುತ್ತಾನೆ.