ನೆಲವೆಂಬ ಹಗೇವು: ಹೊಗೆಯ ಲೆಕ್ಕದಲ್ಲಿ ರೈತನ ಪಾಲು

ಗುಡೇಮಾರನಹಳ್ಳಿ ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಗಾಗಿ ಅರ್ಧ ಗಂಟೆ ನಿಂತವರಿಗೆ ಹೊಗೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಬೆಂಗಳೂರಿನಿಂದ ಕುಣಿಗಲ್, ಹಾಸನದ ಕಡೆಗೆ ಲಾರಿಗಳು ಹಗಲೂ ರಾತ್ರಿ ಓಡುತ್ತಲೇ ಇರುತ್ತವೆ. ಒಂದು ಲೀಟರು ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರುತ್ತದೆ. ಒಂದು ಕಿಲೋ ಸಹ ತೂಗದ ಎಣ್ಣೆಯಿಂದ ಇಷ್ಟು ತೂಕ ಬರುವುದು ಹೇಗೆಂದರೆ, ಉರಿಯುವಾಗ ಗಾಳಿಯ ಆಮ್ಲಜನಕ ಅದರೊಡನೆ ಕೂಡಿಕೊಳ್ಳುತ್ತದೆ. ನಮ್ಮ ಟ್ರಾಕ್ಟರಿಗೂ ಪಂಪುಸೆಟ್ಟಿಗೂ ಇದೇ ಲೆಕ್ಕ.

ಕಪ್ಪು ಹೊಗೆ ಸ್ವಲ್ಪ ಹೊತ್ತಿನಲ್ಲೇ ಚದುರಿಹೋಗುತ್ತದೆ. ಕಣ್ಣಿಗೆ ಕಾಣದ ಈ ವಾಯು ಎಲ್ಲಿಗೆ ಹೋಗುತ್ತದೆ? ಇಡೀ ಲೋಕದ ಲೆಕ್ಕ ತೆಗೆದರೆ, ಮನುಷ್ಯರು ಬಿಟ್ಟ ಇಂಗಾಲದಲ್ಲಿ ಹೆಚ್ಚು ಕಡಿಮೆ ಅರ್ಧ ಭಾಗ ಗಾಳಿಯಲ್ಲೇ ಉಳಿಯುತ್ತದೆ. ಸುಮಾರು ಕಾಲು ಭಾಗ ಸಮುದ್ರಕ್ಕೆ ಸೇರುತ್ತದೆ. ಉಳಿದ ಕಾಲು ಭಾಗವನ್ನು ನೆಲ ಹೀರಿಕೊಳ್ಳುತ್ತದೆ. ನೆಲವೆಂದರೆ ಕಾಡು, ಹುಲ್ಲುಗಾವಲು, ತೋಟ, ಹೊಲ ಎಲ್ಲವೂ ಸೇರಿತು. ನೆಲ ಈ ಪಾಲನ್ನು ಎಷ್ಟು ಕಾಲ ಹೀರುತ್ತಾ ಹೋಗಬಲ್ಲದು ಎಂಬುದೇ ಈಗಿನ ಪ್ರಶ್ನೆ.

ತುಂಬುವುದೂ ತೆಗೆಯುವುದೂ

ಹಿಂದೆ ನಮ್ಮ ಹಿರಿಯರು ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಹಗೇವಿನಲ್ಲಿ ಎಷ್ಟು ರಾಗಿ ಇದೆ ಎಂಬುದು ಎಷ್ಟು ಹಾಕಿದೆವು ಎಂಬುದರಿಂದ ಮಾತ್ರ ತಿಳಿಯುವುದಿಲ್ಲ. ಎಷ್ಟು ತೆಗೆದೆವು ಎಂಬುದೂ ಗೊತ್ತಿರಬೇಕು. ನೆಲದ ಇಂಗಾಲವೂ ಹಾಗೆಯೇ. ಗಿಡದ ಎಲೆಗಳು ಸಣ್ಣ ರಂಧ್ರಗಳ ಮೂಲಕ ಗಾಳಿಯ ಇಂಗಾಲವನ್ನು ಎಳೆದುಕೊಂಡು ಬಿಸಿಲಿನ ಬಲದಿಂದ ಆಹಾರ ಮಾಡಿಕೊಳ್ಳುತ್ತವೆ. ಅದರಲ್ಲಿ ಒಂದು ಭಾಗ ಗಿಡದ ಉಸಿರಾಟದಲ್ಲೇ ಹೊರಗೆ ಹೋಗುತ್ತದೆ. ಉಳಿದದ್ದು ಕಾಂಡ, ಬೇರು, ಕಾಳು ಆಗುತ್ತದೆ. ತರಗೆಲೆ ಮತ್ತು ಸತ್ತ ಬೇರು ಮಣ್ಣಿಗೆ ಸೇರಿದ ಮೇಲೆ ಸೂಕ್ಷ್ಮ ಜೀವಿಗಳು ಅದನ್ನು ತಿಂದು ಬಹುಪಾಲನ್ನು ಮತ್ತೆ ಗಾಳಿಗೆ ಬಿಡುತ್ತವೆ. ಇಷ್ಟೆಲ್ಲ ಕಳೆದು ಉಳಿಯುವ ಚೂರೇ ನೆಲದ ಉಳಿತಾಯ.

ಅರವತ್ತು ವರ್ಷಗಳ ಲೆಕ್ಕ

ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ 1958ರಲ್ಲಿ ಗಾಳಿಯ ಇಂಗಾಲದ ಡೈ ಆಕ್ಸೈಡನ್ನು ಅಳೆಯಲು ಆರಂಭಿಸಿದರು. ಆಗ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 315 ಪಾಲು ಇತ್ತು. ಯಂತ್ರಗಳ ಯುಗಕ್ಕೆ ಮುಂಚೆ ಸುಮಾರು 280 ಇತ್ತು. 2024ರಲ್ಲಿ ಲೋಕದ ಸರಾಸರಿ ಸುಮಾರು 424ಕ್ಕೆ ಏರಿತ್ತು.

ಈ ಕಾಲದಲ್ಲಿ ಹೊಗೆ ಹೆಚ್ಚಿದಂತೆ ನೆಲ ಹೀರುವ ಪ್ರಮಾಣವೂ ಹೆಚ್ಚಿತು. ಗಾಳಿಯಲ್ಲಿ ಇಂಗಾಲ ಹೆಚ್ಚಾದುದರಿಂದ ಅನೇಕ ಗಿಡಮರಗಳು ಚೆನ್ನಾಗಿ ಬೆಳೆದವು. ಯುರೋಪು, ಅಮೆರಿಕಗಳಲ್ಲಿ ಬೀಳುಬಿಟ್ಟ ಹೊಲಗಳಲ್ಲಿ ಮತ್ತೆ ಕಾಡು ಬಂದಿತು. ಆದರೆ ಇದಕ್ಕೆ ಮಿತಿಯಿದೆ. ಗಿಡ ಬರೀ ಇಂಗಾಲದಿಂದ ಬೆಳೆಯದು. ನೀರು, ಸಾರಜನಕ, ರಂಜಕ ಬೇಕು. ಅವರೆ, ತೊಗರಿ, ಮರಗಳು ಹೆಚ್ಚಿನ ಇಂಗಾಲದಿಂದ ಲಾಭ ಪಡೆಯುತ್ತವೆ. ರಾಗಿ, ಜೋಳ, ಕಬ್ಬುಗಳಿಗೆ ಇದರಿಂದ ನೇರ ಲಾಭ ಬಹಳ ಕಡಿಮೆ. ಇವು ಮೊದಲಿನಿಂದಲೂ ಕಡಿಮೆ ಇಂಗಾಲದಲ್ಲೇ ಕೆಲಸ ಸಾಗಿಸುವ ಜಾತಿಯವು.

2023ನೇ ವರ್ಷ ಒಂದು ಪಾಠ ಕಲಿಸಿತು. ಆ ವರ್ಷ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರ ಸಾರಿತು. ಜಗತ್ತಿನ ಅನೇಕ ಕಡೆ ಬಿಸಿಲು, ಬರ, ಕಾಡಿನ ಬೆಂಕಿ ಒಟ್ಟಿಗೆ ಬಂದವು. ನೀರಿಲ್ಲದಾಗ ಗಿಡ ಎಲೆಯ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ, ಇಂಗಾಲ ಒಳಗೆ ಬರುವುದು ನಿಲ್ಲುತ್ತದೆ. ಹೀಗಾಗಿ ಆ ವರ್ಷ ನೆಲ ಹೀರಿದ ಇಂಗಾಲ ಬಹಳ ಕುಸಿಯಿತೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. 2023ರಿಂದ 2024ಕ್ಕೆ ಗಾಳಿಯ ಇಂಗಾಲದ ಡೈ ಆಕ್ಸೈಡ್ 3.5 ಪಾಲು ಏರಿತು. ಅಳತೆ ಆರಂಭವಾದ ಮೇಲೆ ಒಂದೇ ವರ್ಷದಲ್ಲಿ ಇಷ್ಟು ಏರಿದ್ದು ಅದೇ ಮೊದಲು. ಮಳೆ ಬಂದ ವರ್ಷ ನೆಲ ಚೇತರಿಸಿಕೊಳ್ಳಬಹುದು. ಬರಗಳು ಮೇಲಿಂದ ಮೇಲೆ ಬಂದರೆ ತುಂಬುವುದಕ್ಕಿಂತ ತೆಗೆಯುವುದೇ ಹೆಚ್ಚಾದೀತು.

ನಮ್ಮ ಕೆಂಪು ಮಣ್ಣಿನಲ್ಲಿ

ಲೋಕದ ಮಾತು ಹಾಗಿರಲಿ, ನಮ್ಮ ಹೊಲಕ್ಕೆ ಬರೋಣ. ಒಂದು ಎಕರೆಯ ಮೇಲ್ಮಣ್ಣು ಆರು ಅಂಗುಲ ಆಳದವರೆಗೆ ಸುಮಾರು 900 ಟನ್ ತೂಗುತ್ತದೆ. ಮಣ್ಣು ಪರೀಕ್ಷೆಯಲ್ಲಿ ಸಾವಯವ ಇಂಗಾಲ ಶೇಕಡ 0.5ಕ್ಕಿಂತ ಕಡಿಮೆ ಇದ್ದರೆ ‘ಕಡಿಮೆ’, 0.75ಕ್ಕಿಂತ ಹೆಚ್ಚಿದ್ದರೆ ‘ಹೆಚ್ಚು’ ಎಂದು ಬರೆಯುತ್ತಾರೆ. 0.4 ಇದ್ದ ಹೊಲವನ್ನು 0.5ಕ್ಕೆ ತಂದರೆ ಎಕರೆಗೆ 0.9 ಟನ್ ಇಂಗಾಲ ಉಳಿದಂತಾಯಿತು. ಅದು ಸುಮಾರು 1,200 ಲೀಟರು ಡೀಸೆಲ್ ಬಿಡುವ ಹೊಗೆಗೆ ಸಮ. ಈ ಕೆಲಸ ಒಂದೆರಡು ವರ್ಷದಲ್ಲಿ ಆಗುವುದಿಲ್ಲ, ತಾಳ್ಮೆ ಬೇಕು.

ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ 1978ರಿಂದ ಖುಷ್ಕಿ ರಾಗಿಯ ಮೇಲೆ ದೀರ್ಘಕಾಲದ ಗೊಬ್ಬರದ ಪ್ರಯೋಗ ನಡೆದುಬಂದಿದೆ. ಮಣ್ಣು ನಮ್ಮದರಂಥದೇ ಕೆಂಪು ಮಣ್ಣು. ಬರೀ ರಾಸಾಯನಿಕ ಗೊಬ್ಬರ ಹಾಕಿದ ತಾಕುಗಳಲ್ಲಿ ವರ್ಷ ಕಳೆದಂತೆ ಇಳುವರಿ ಇಳಿಯಿತು. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರದ ಜೊತೆಗೆ ಶಿಫಾರಸಿನ ರಾಸಾಯನಿಕ ಗೊಬ್ಬರವನ್ನೂ ಕೊಟ್ಟ ತಾಕುಗಳಲ್ಲಿ ಇಳುವರಿ ನಿಂತಿತು, ಮಣ್ಣಿನ ಸಾವಯವ ಅಂಶವೂ ಉಳಿಯಿತು. ಎಕರೆಗೆ ಇದು 4 ಟನ್ ಆಗುತ್ತದೆ. ಗಾಡಿಗೆ ಅರ್ಧ ಟನ್ನಿನಂತೆ ಎಂಟು ಗಾಡಿ.

ಎಂಟು ಗಾಡಿ ಗೊಬ್ಬರ ಎಲ್ಲಿಂದ ತರುವುದು ಎಂದು ನೀವು ಕೇಳುವುದು ನ್ಯಾಯವೇ. ದನ ಕಡಿಮೆಯಾಗಿವೆ. ಪಕ್ಕದ ಹೊಲದ ಗೊಬ್ಬರವನ್ನು ಕೊಂಡು ತಂದರೆ ಇಂಗಾಲ ಜಾಗ ಬದಲಿಸಿತೇ ಹೊರತು ಊರಿಗೆ ಲಾಭವಾಗಲಿಲ್ಲ. ಆದ್ದರಿಂದ ಸೊಪ್ಪನ್ನು ನಮ್ಮ ಹೊಲದಲ್ಲೇ ಬೆಳೆಯಬೇಕು. ಬದುವಿನ ಮೇಲೆ ಹೊಂಗೆ, ಗ್ಲಿರಿಸಿಡಿಯ ಹಾಕಿ ಸವರಿ ಮಣ್ಣಿಗೆ ಸೇರಿಸಬಹುದು. ಮುಂಗಾರಿನ ಮೊದಲ ಮಳೆಗೆ ಅಪ್ಸೆಣಬು ಬಿತ್ತಿ, ರಾಗಿಗೆ ಮುಂಚೆ ಉಳುಮೆಯಲ್ಲಿ ಮುಚ್ಚಬಹುದು. ಅಕ್ಕಡಿ ಸಾಲಿನ ಅವರೆ, ತೊಗರಿಯನ್ನು ಬಿಡಬಾರದು. ಕಸಕಡ್ಡಿಗೆ ಬೆಂಕಿ ಇಡಬಾರದು.

ಮರ ನೆಟ್ಟರೆ ಸಾಕೆ?

ಒಣಗಿದ ಮರದಲ್ಲಿ ಸುಮಾರು ಅರ್ಧ ಪಾಲು ಇಂಗಾಲ. ಒಣ ತೂಕ ಒಂದು ಟನ್ ಇರುವ ಹುಣಸೆ ಮರವೊಂದು ಸುಮಾರು 1.8 ಟನ್ ಇಂಗಾಲದ ಡೈ ಆಕ್ಸೈಡನ್ನು ಹಿಡಿದಿಟ್ಟಿದೆ. ಅದು ನಿಂತಿರುವಷ್ಟು ಕಾಲ ಮಾತ್ರ ಈ ಲೆಕ್ಕ. 1980ರ ದಶಕದಲ್ಲಿ ನಮ್ಮ ಖುಷ್ಕಿ ಸೀಮೆಯ ಅನೇಕ ಹೊಲಗಳಿಗೆ ನೀಲಗಿರಿ ಬಂದಿತು. ಬೇಗ ಬೆಳೆದು ಬೇಗ ಇಂಗಾಲ ಹೀರಿದ್ದು ನಿಜ. ಕೆಲವೇ ವರ್ಷಗಳಿಗೊಮ್ಮೆ ಕಡಿದು ಸೌದೆಗೋ ಕಾಗದಕ್ಕೋ ಕಳಿಸಿದಾಗ ಬಹುಪಾಲು ಮತ್ತೆ ಗಾಳಿಗೇ ಹೋಯಿತು. ಗುಂಡುತೋಪಿನ ಹಳೆಯ ಹುಣಸೆ, ಹಲಸು, ಮಾವು ನಿಧಾನವಾಗಿ ಬೆಳೆದರೂ ತಲೆಮಾರುಗಳ ಕಾಲ ಹಿಡಿದಿಡುತ್ತವೆ, ಫಲವನ್ನೂ ಕೊಡುತ್ತವೆ.

ಮಾಗಡಿ ದಾಟಿ ಹೋದರೆ ಸಿಗುವ ಸಾವನದುರ್ಗದ ಕಾಡು ಎಲೆ ಉದುರುವ ಒಣ ಕಾಡು. ಇಂಥದೇ ಕಾಡಿನಲ್ಲಿ, ತಮಿಳುನಾಡಿನ ಮುದುಮಲೆಯಲ್ಲಿ, ಭಾರತೀಯ ವಿಜ್ಞಾನ ಮಂದಿರದವರು 1988ರಿಂದ 50 ಹೆಕ್ಟೇರಿನ ಒಂದೊಂದು ಮರಕ್ಕೂ ಗುರುತು ಹಾಕಿ ಅಳೆಯುತ್ತ ಬಂದಿದ್ದಾರೆ. ನೆಲದ ಬೆಂಕಿಗೆ ದೊಡ್ಡ ಮರಗಳು ಬಹುಪಾಲು ತಡೆದುಕೊಳ್ಳುತ್ತವೆ, ಎಳೆಯ ಗಿಡಗಳು ಸಾಯುತ್ತವೆ. ಹೊಸ ಹುಲ್ಲು ಚಿಗುರಲೆಂದು ಕಾಡಿಗೆ ಬೆಂಕಿ ಇಟ್ಟವರು ಮೊಮ್ಮಕ್ಕಳ ಕಾಲದ ಮರಗಳನ್ನೇ ಸುಟ್ಟಂತೆ.

ಸಹಿ ಹಾಕುವ ಮುನ್ನ

ಈಗ ‘ಕಾರ್ಬನ್ ಕ್ರೆಡಿಟ್’ ಎಂಬ ಹೆಸರಿನಲ್ಲಿ, ಮರ ಬೆಳೆಸಿದರೆ, ಮಣ್ಣಿಗೆ ಇಂಗಾಲ ಸೇರಿಸಿದರೆ ಹಣ ಕೊಡುತ್ತೇವೆಂದು ರೈತರ ಬಳಿ ಬರುವವರಿದ್ದಾರೆ. ಎಲ್ಲರೂ ಮೋಸಗಾರರಲ್ಲ. ಆದರೆ ನೆಲದ ಇಂಗಾಲ ಬರಕ್ಕೂ ಬೆಂಕಿಗೂ ಅಂಜುವ ಸರಕು ಎಂಬುದನ್ನು ನೆನಪಿಡಬೇಕು. ಆದ್ದರಿಂದ ಕೆಳಗಿನ ಸಂಗತಿಗಳನ್ನು ಬರಹದಲ್ಲೇ ಕೇಳಿ ತಿಳಿದುಕೊಳ್ಳತಕ್ಕದ್ದು.

1. ಕರಾರು ಎಷ್ಟು ವರ್ಷದ್ದು? ಅಣ್ಣತಮ್ಮಂದಿರು ಭಾಗವಾದರೆ ಅದು ಯಾರ ಮೇಲೆ ಬೀಳುತ್ತದೆ?
2. ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಮರ ಕಡಿಯಬೇಕಾದರೆ ಹಕ್ಕು ಯಾರದು?
3. ಬರದಲ್ಲಿ ಗಿಡ ಒಣಗಿದರೆ ನಷ್ಟ ಯಾರದು? ಪಡೆದ ಹಣ ಹಿಂತಿರುಗಿಸಬೇಕೆ?
4. ಅಳೆಯುವವರು ಯಾರು, ಅದರ ಖರ್ಚು ಯಾರದು? ಬಂದ ಹಣದಲ್ಲಿ ರೈತನಿಗೆ ಎಷ್ಟು, ಯಾವಾಗ?

ಕರಾರಿನ ಪ್ರತಿ ಕನ್ನಡದಲ್ಲಿ ಇಲ್ಲದಿದ್ದರೆ ಸಹಿ ಹಾಕದಿರುವುದೇ ಕ್ಷೇಮ.

ಕೊನೆಯದಾಗಿ ಒಂದು ಮಾತು. ಲಾರಿಗಳ, ಕಾರ್ಖಾನೆಗಳ ಹೊಗೆಯನ್ನೆಲ್ಲ ನುಂಗುವ ಹೊಣೆ ರೈತನದಲ್ಲ, ಅದು ಅವನಿಂದ ಆಗುವ ಕೆಲಸವೂ ಅಲ್ಲ. ಹೊಗೆಯನ್ನು ಬಿಡುವ ಜಾಗದಲ್ಲೇ ಕಡಿಮೆ ಮಾಡಬೇಕು. ಆದರೆ ಮಣ್ಣಿಗೆ ಸೇರಿದ ಇಂಗಾಲ ಮಳೆ ನೀರನ್ನು ಹಿಡಿದು ಬರದ ವರ್ಷ ರಾಗಿಯನ್ನು ಒಂದು ವಾರ ಹೆಚ್ಚು ನಿಲ್ಲಿಸಿದರೆ, ಆ ಲಾಭ ಮೊದಲು ನಮ್ಮದೇ. ಮುಂಗಾರಿಗೆ ಮುಂಚೆ ಹೊಲದ ಮಣ್ಣನ್ನು ರೈತ ಸಂಪರ್ಕ ಕೇಂದ್ರಕ್ಕಾಗಲಿ, ಮಾಗಡಿ ಬಳಿಯ ಚಂದುರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕಾಗಲಿ ಕೊಟ್ಟು ಪರೀಕ್ಷೆ ಮಾಡಿಸಿ. ಸಾವಯವ ಇಂಗಾಲದ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಮೂರು ವರ್ಷದ ನಂತರ ಮತ್ತೆ ಮಾಡಿಸಿ, ಹಗೇವು ತುಂಬುತ್ತಿದೆಯೋ ಬರಿದಾಗುತ್ತಿದೆಯೋ ನೀವೇ ನೋಡಿರಿ.