ಕರಡಿಗೆ ಬಲಿಯಾದ ದೊರೆಯ ಊರು

ಉತ್ತರ ಸ್ಪೇನಿನ ಅಸ್ತೂರಿಯಾಸ್ ಸೀಮೆಯಲ್ಲಿ, ಸೆಯಾ ಮತ್ತು ಗ್ವೆನ್ಯಾ ಹೊಳೆಗಳು ಕೂಡುವ ಕಣಿವೆಯಲ್ಲಿ ಕಾಂಗಾಸ್ ದೆ ಓನಿಸ್ ಪಟ್ಟಣವಿದೆ. ಬೆನ್ನಿಗೆ ಪಿಕೋಸ್ ದೆ ಎವ್ರೋಪಾದ ಸುಣ್ಣಕಲ್ಲಿನ ಶಿಖರಗಳು. ಸುತ್ತಲಿನ ಹಳ್ಳಿಗಳನ್ನು ಸೇರಿಸಿದರೂ ಜನಸಂಖ್ಯೆ ಆರು ಸಾವಿರದ ಆಸುಪಾಸು. 8ನೇ ಶತಮಾನದಲ್ಲಿ ಸುಮಾರು ಅರ್ಧ ಶತಮಾನ ಇದೇ ಅಸ್ತೂರಿಯಾಸ್ ರಾಜ್ಯದ ರಾಜಧಾನಿಯಾಗಿತ್ತು ಎಂದರೆ ನಂಬುವುದು ಕಷ್ಟ.

ಬಂದವರ ಕಣ್ಣು ಮೊದಲು ಹೋಗುವುದು ಸೆಯಾ ಹೊಳೆಯ ಸೇತುವೆಯ ಮೇಲೆ. ಗೂನುಬೆನ್ನಿನಂತೆ ನಡುವೆ ಎತ್ತರಕ್ಕೆದ್ದ ಕಲ್ಲಿನ ಕಮಾನು, ಅದರ ಅಡಿಯಲ್ಲಿ ನೀರಿನ ಮೇಲೆ ತೂಗುವ ದೊಡ್ಡ ಶಿಲುಬೆ. ಊರವರ ಬಾಯಲ್ಲಿ ಇದು 'ರೋಮನ್ ಸೇತುವೆ'; ಆದರೆ ಈಗ ನಿಂತಿರುವ ಕಟ್ಟಡ ಮಧ್ಯಯುಗದ ಕೊನೆಯ ಭಾಗದ್ದು, ರೋಮನ್ನರು ಹೋಗಿ ಎಷ್ಟೋ ಶತಮಾನಗಳಾದ ಮೇಲಿನದು. ತೂಗುವ ಶಿಲುಬೆ ಒವಿಯೆದೊ ನಗರದ ಕಥೀಡ್ರಲಿನಲ್ಲಿರುವ 'ವಿಜಯ ಶಿಲುಬೆ'ಯ ಪ್ರತಿಕೃತಿ. ಆ ಶಿಲುಬೆಯ ಒಳಗಿನ ಓಕ್ ಮರವನ್ನು ಪೆಲಾಯೊ ದೊರೆ ಯುದ್ಧದಲ್ಲಿ ಹಿಡಿದಿದ್ದನೆಂದೂ, 908ರಲ್ಲಿ ದೊರೆ ಮೂರನೇ ಅಲ್ಫೋನ್ಸೊ ಅದಕ್ಕೆ ಚಿನ್ನ, ರತ್ನ ಹೊದಿಸಿದನೆಂದೂ ಐತಿಹ್ಯ ಹೇಳುತ್ತದೆ. ಮರದ ಕಾಲಪರೀಕ್ಷೆ ಮಾತ್ರ ಪೆಲಾಯೊನ ಕಾಲದವರೆಗೆ ಹೋಗದೆ ಚಿನ್ನದ ಕಾಲದ ಹತ್ತಿರವೇ ನಿಂತಿದೆ.

711ರಲ್ಲಿ ಮುಸ್ಲಿಂ ಸೇನೆ ಜಿಬ್ರಾಲ್ಟರ್ ದಾಟಿ ಬಂದಾಗ ಸ್ಪೇನನ್ನು ಆಳುತ್ತಿದ್ದ ವಿಸಿಗಾಥರ ರಾಜ್ಯ ಕೆಲವೇ ವರ್ಷಗಳಲ್ಲಿ ಕುಸಿಯಿತು. ಉತ್ತರದ ಬೆಟ್ಟಗಾಡಿನಲ್ಲಿ ಪೆಲಾಯೊ ಒಂದು ಸಣ್ಣ ಬಂಡಾಯ ಕಟ್ಟಿದ. ಕೊವಾಡೋಂಗಾದ ಗವಿಯ ಬಳಿ ಆತ ಗೆದ್ದ ಕಾಳಗ ನಡೆದದ್ದು 718ರಲ್ಲೋ 722ರಲ್ಲೋ ಎಂಬ ವಾದ ಇನ್ನೂ ಮುಗಿದಿಲ್ಲ. ಅಲ್ಲಿಂದ ಹತ್ತು ಕಿಲೋಮೀಟರಿನಷ್ಟು ದೂರದ ಕಾಂಗಾಸ್ ಅವನ ನೆಲೆಯಾಯಿತು. 737ರಲ್ಲಿ ಪೆಲಾಯೊ ತೀರಿಕೊಂಡಾಗ ಮಗ ಫಾವಿಲಾ ಪಟ್ಟಕ್ಕೆ ಬಂದ.

ಫಾವಿಲಾ ಆಳಿದ್ದು ಎರಡೇ ವರ್ಷ. ತಾಯಿ ಗೌದಿಯೋಸಾ, ಹೆಂಡತಿ ಫ್ರೊಯಿಲ್ಯುಬಾ. ಅವನು ಕಾದಿದ ಯುದ್ಧದ ಸುದ್ದಿ ಎಲ್ಲೂ ಇಲ್ಲ. ಸುಮಾರು ನೂರೈವತ್ತು ವರ್ಷಗಳ ನಂತರ, ಮೂರನೇ ಅಲ್ಫೋನ್ಸೊನ ಕಾಲದಲ್ಲಿ ಬರೆದ ವೃತ್ತಾಂತಗಳು ಅವನ ಬಗ್ಗೆ ಹೇಳುವುದು ಎರಡೇ ಸಂಗತಿ: ಒಂದು ಇಗರ್ಜಿ ಕಟ್ಟಿಸಿದ, ಹುಡುಗಾಟಿಕೆಗೆ ಹೋಗಿ ಕರಡಿಯ ಕೈಗೆ ಸಿಕ್ಕು ಸತ್ತ. ಸ್ಪೇನಿನಲ್ಲಿ ಅವನ ಹೆಸರು ಉಳಿದದ್ದು ಎರಡನೆಯದರಿಂದ. ನ್ಯಾಯವಾಗಿ ನೆನೆಯಬೇಕಾದದ್ದು ಮೊದಲನೆಯದನ್ನು.

ಆ ಇಗರ್ಜಿ, ಸಾಂತಾ ಕ್ರೂಸ್, ಪಟ್ಟಣದ ಅಂಚಿನ ಮಣ್ಣುದಿಬ್ಬದ ಮೇಲಿದೆ. ದಿಬ್ಬ ನಿಸರ್ಗದ್ದಲ್ಲ. ಫಾವಿಲಾಗಿಂತ ಸಾವಿರಾರು ವರ್ಷ ಹಿಂದೆ, ನವಶಿಲಾಯುಗದ ಜನ ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ ಸಮಾಧಿ ಕಟ್ಟಿ ಅದರ ಮೇಲೆ ಮಣ್ಣು ಪೇರಿಸಿದ್ದರು. ಸರಿಯಾಗಿ ಆ ಸಮಾಧಿಯ ನೆತ್ತಿಯ ಮೇಲೆಯೇ ಇಗರ್ಜಿ ಎದ್ದಿತು. ಜನ ಆಗಲೂ ಪವಿತ್ರವೆಂದು ನಡೆದುಕೊಳ್ಳುತ್ತಿದ್ದಿರಬಹುದಾದ ಜಾಗವನ್ನು ಹೊಸ ದೊರೆ ಬೇಕೆಂದೇ ಆರಿಸಿರಬೇಕು. ಪ್ರತಿಷ್ಠಾಪನೆಯ ಶಾಸನದಲ್ಲಿ ಫಾವಿಲಾ, ಫ್ರೊಯಿಲ್ಯುಬಾ, ಅವರ ಮಕ್ಕಳ ಪ್ರಸ್ತಾಪವಿತ್ತು. ಇಸವಿಯನ್ನು ಅಂದಿನ ಹಿಸ್ಪಾನಿಕ್ ಶಕೆಯಲ್ಲಿ 775 ಎಂದು ಕೊರೆದಿದ್ದರು. ಆ ಶಕೆ ಕ್ರಿಸ್ತಶಕಕ್ಕಿಂತ 38 ವರ್ಷ ಮುಂದಿರುವುದರಿಂದ ದಿನಾಂಕ 737ರ ಅಕ್ಟೋಬರ್ 27 ಆಗುತ್ತದೆ. ವೃತ್ತಾಂತಗಳು ಎಷ್ಟೋ ಕಾಲದ ಮೇಲೆ ಬರೆದವು. ಈ ಕಲ್ಲು ಮಾತ್ರ ಅರಸ ಬದುಕಿದ್ದಾಗಲೇ ಕೊರೆದದ್ದು.

ಈಗ ಕಾಣುವ ಗೋಡೆಗಳು ಫಾವಿಲಾನವಲ್ಲ. ಇಗರ್ಜಿ ಹಲವು ಸಲ ಬದಲಾಗಿ, 1936ರಲ್ಲಿ ಶುರುವಾದ ಅಂತರ್ಯುದ್ಧದಲ್ಲಿ ಹಾಳಾಗಿ, 1950ರ ಸುಮಾರಿಗೆ ಮತ್ತೆ ಎದ್ದಿತು. ಒಳಗೆ ನೆಲದ ನಡುವೆ ಒಂದು ಬಾಯಿ ಬಿಟ್ಟಿದ್ದಾರೆ. ಬಗ್ಗಿ ನೋಡಿದರೆ ಸಮಾಧಿಯ ಚಪ್ಪಡಿಗಳು ಕಾಣುತ್ತವೆ, ಒಂದರ ಮೇಲೆ ಕೆಂಪು ಬಣ್ಣದಲ್ಲಿ ಬಳಿದ ಅಂಕುಡೊಂಕು ಗೆರೆಗಳೂ. ಪೀಠದ ಮುಂದೆ ನಿಂತವರ ಕಾಲಡಿಯಲ್ಲೇ ಇನ್ನೊಂದು ಧರ್ಮದ ಗೂಡು.

739ರಲ್ಲಿ ಕರಡಿಯ ಪ್ರಕರಣ ನಡೆಯಿತು. ಪಟ್ಟಣಕ್ಕೆ ಹತ್ತಿರದ ಯುವೇಸ್ ಎಂಬ ಹಳ್ಳಿಯ ಬಳಿ ಫಾವಿಲಾ ಸತ್ತನೆಂದು ಸ್ಥಳೀಯರ ನಂಬಿಕೆ. ಇದು ಅರಮನೆಯ ಒಳಸಂಚಿಗೆ ಹೊದಿಸಿದ ಕತೆಯಿರಬಹುದೇ ಎಂದು ಶಂಕಿಸಿದವರೂ ಉಂಟು, ಆಧಾರವಿಲ್ಲ. ಕ್ಯಾಂಟಾಬ್ರಿಯನ್ ಬೆಟ್ಟಗಳಲ್ಲಿ ಕಂದು ಕರಡಿ ಇಂದಿಗೂ ಇದೆ, ಬೇಟೆಯೋ ಅಂದಿನ ಅರಸರ ದಿನಚರಿ. ಮಕ್ಕಳಿದ್ದೂ ಪಟ್ಟ ಅವರಿಗೆ ಸಿಗಲಿಲ್ಲ. ಫಾವಿಲಾನ ಸೋದರಿ ಎರ್ಮೆಸಿಂದಾಳ ಗಂಡ, ಕ್ಯಾಂಟಾಬ್ರಿಯದ ಡ್ಯೂಕ್ ಪೆದ್ರೊನ ಮಗ ಅಲ್ಫೋನ್ಸೊ ಅರಸನಾದ. ಮುಂದಿನ ಎರಡು ದಶಕಗಳಲ್ಲಿ ರಾಜ್ಯ ಬೆಳೆದದ್ದು ಅವನ ಕೈಯಲ್ಲಿ. 774ರಲ್ಲಿ ಸಿಲೊ ಪಟ್ಟಕ್ಕೆ ಬಂದು ಆಸ್ಥಾನವನ್ನು ಪ್ರಾವಿಯಾಕ್ಕೆ ಒಯ್ದ. ಆಮೇಲೆ ಎರಡನೇ ಅಲ್ಫೋನ್ಸೊ ಒವಿಯೆದೊಗೆ. ಕಾಂಗಾಸ್ ಮತ್ತೆ ಕಣಿವೆಯ ಊರಾಯಿತು.

ಪಟ್ಟಣದಿಂದ ಎರಡು ಮೂರು ಕಿಲೋಮೀಟರ್ ದೂರದಲ್ಲಿ, ಸೆಯಾ ದಡದಲ್ಲೇ, ಸಾನ್ ಪೆದ್ರೊ ದೆ ವಿಯಾನುವೆವಾ ಎಂಬ ಹಳೆಯ ಮಠವಿದೆ. ಅದರ ಇಗರ್ಜಿಯ ಬಾಗಿಲ ಕಂಬಗಳ ಬೋದಿಗೆಗಳಲ್ಲಿ 12ನೇ ಶತಮಾನದ ಶಿಲ್ಪಿ ಕತೆ ಕೆತ್ತಿದ್ದಾನೆ. ಒಂದೆಡೆ ಕುದುರೆಯೇರಿದ ಸವಾರ ಹೊರಡುವ ಮುನ್ನ ಹೆಂಗಸಿಗೆ ಮುತ್ತಿಡುತ್ತಾನೆ. ಇನ್ನೊಂದೆಡೆ ಒಬ್ಬ ಕರಡಿಯೊಡನೆ ಸೆಣಸುತ್ತಿದ್ದಾನೆ. ಇದು ಫಾವಿಲಾನೇ ಎಂದು ಊರವರು ಹೇಳುತ್ತಾರೆ, ಯಾವುದೋ ಸಾಮಾನ್ಯ ಬೇಟೆಯ ಚಿತ್ರವೆಂದು ಕೆಲವು ಕಲಾ ಇತಿಹಾಸಕಾರರು. ಮಠ ಈಗ ಸರ್ಕಾರಿ ಹೋಟೆಲು. ತಂಗಲು ಬಂದವರು ನಾಲ್ಕು ಹೆಜ್ಜೆ ನಡೆದರೆ ಆ ಬಾಗಿಲು ಸಿಗುತ್ತದೆ.